ಅಂಬವ್ವ ಸಾಧಿಸಿದ್ದು

ಗೋರೆಗಾಂವ್‌ನ ಒಂದು ಇಂಗ್ಲಿಷ್ ಶಾಲೆಯಲ್ಲಿ ಅಂಬವ್ವ ಮಾವಶಿಯಾಗಿದ್ದಾಳೆ. ನರ್ಸರಿ ಮಕ್ಕಳ ಮೂಗು ಒರೆಸುವುದು, ಒದ್ದೆಯಾದ ಚಡ್ಡಿ ಬದಲಿಸುವುದು, ಅಳುವವರನ್ನು ಸೊಂಟದ ಮೇಲೆ ಹೊತ್ತು ಅಂಗಳ ಸುತ್ತುವುದು ಅವಳ ಕೆಲಸ. ಇಂಡಿ ತಾಲೂಕಿನಿಂದ ಮದುವೆಯಾಗಿ ಬಂದವಳು. ಹಿಂದಿ, ಮರಾಠಿ ಸಲೀಸು. ಇಂಗ್ಲಿಷ್ ಮಾತ್ರ ಕಿವಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಕಳೆದ ವರ್ಷ ಶಾಲೆಯವರು ಪ್ಯೂನ್, ಮಾವಶಿ, ವಾಚ್‌ಮನ್‌ಗಳಿಗೆಂದು ಶನಿವಾರ ಮಧ್ಯಾಹ್ನ ಕ್ಲಾಸ್ ಶುರುಮಾಡಿದಾಗ ಅವಳು ಮೊದಲನೇ ಬೆಂಚಿಗೇ ಹೋಗಿ ಕೂತಳು.

ಕಲಿಸುತ್ತಿದ್ದವಳು ಜ್ಯೋತ್ಸ್ನಾ ಟೀಚರ್. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬೈ. ಕನ್ನಡ ತಡವರಿಸಿ ಆಡುತ್ತಾಳೆ. ಒಂದು ಶನಿವಾರ ಅವಳು ಬೋರ್ಡಿನ ಮೇಲೆ ಅಚೀವ್ ಎಂದು ಬರೆದಳು. ಅದರ ಕೆಳಗೆ ಅಕಾಂಪ್ಲಿಷ್, ಅಟೇನ್. ಎಲ್ಲಾ ಒಂದೇ ಮನೆಯ ಮಕ್ಕಳು ಎಂದು ಹಿಂದಿಯಲ್ಲಿ ವಿವರಿಸಿದಳು. ಅಂಬವ್ವ ಕನ್ನಡದಲ್ಲಿ ಕೇಳಿದಳು, "ನಮ್ಮ ಮಾತಿನ್ಯಾಗ ಇದಕ್ಕ ಏನಂತಾರ್ರೀ?"

"ಸಾಧಿಸು. ಸಾಧಿಸುದು ಅಂತ ಹೇಳ್ತಾರಲ್ಲ, ಅದು."

ಪ್ರತಿಯೊಬ್ಬರೂ ತಾವು ಸಾಧಿಸಿದ್ದರ ಬಗ್ಗೆ ಒಂದು ವಾಕ್ಯ ಹೇಳಬೇಕಿತ್ತು. ಪ್ಯೂನ್ ತನ್ನ ಮಗಳ ಫಸ್ಟ್ ಕ್ಲಾಸಿನ ಸುದ್ದಿ ಹೇಳಿದ. ವಾಚ್‌ಮನ್ ಊರಿನಲ್ಲಿ ಮನೆ ಕಟ್ಟಿಸಿದ್ದು ಹೇಳಿದ. ಅಂಬವ್ವ ಎದ್ದು ನಿಂತು, ಶಬ್ದ ಶಬ್ದ ಹುಡುಕಿ ಜೋಡಿಸಿ, ಅಕ್ಕನ ಜೊತೆ ಹನ್ನೊಂದು ವರ್ಷ ಮಾತಾಡದೆ ಇರುವುದನ್ನು ತಾನು ಅಚೀವ್ ಮಾಡಿದ್ದೇನೆ ಎಂದಳು.

ಎಲ್ಲರೂ ನಕ್ಕರು. ಜ್ಯೋತ್ಸ್ನಾ ನಗಲಿಲ್ಲ. "ಮಾವಶಿ, ಅದು ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಕಷ್ಟಪಟ್ಟು ಒಂದು ಒಳ್ಳೆಯದು ಮಾಡಿದ್ರೆ ಮಾತ್ರ ಅಚೀವ್."

"ಕಷ್ಟಾ ಪಟ್ಟೀನ್ರೀ ಟೀಚರ್," ಎಂದಳು ಅಂಬವ್ವ. ಅವಳೇನೂ ತಮಾಷೆಗೆ ಹೇಳಿರಲಿಲ್ಲ. ಅವಳ ಊರಿನಲ್ಲಿ ಹಠವನ್ನೂ ಸಾಧಿಸುತ್ತಾರೆ, ಹಗೆಯನ್ನೂ ಸಾಧಿಸುತ್ತಾರೆ. "ಇನ್ನೂ ಎಷ್ಟ್ ದಿನಾ ಸಾಧಸ್ತಿ ಬೇ?" ಎಂದು ತಾಯಿ ಫೋನಿನಲ್ಲಿ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಅಕ್ಕ ಕಾಶವ್ವ. ಹಿಂದೆ ಇಬ್ಬರೂ ದಾದರ್‌ನ ಒಂದೇ ಚಾಳಿನಲ್ಲಿ, ಎದುರುಬದುರು ಖೋಲಿಗಳಲ್ಲಿ ಇದ್ದರು. ಅಂಬವ್ವನ ಗಂಡ ಶೇಖರ ಆಗ ಕುಡಿಯುತ್ತಿದ್ದ. ಕುಡಿದ ದಿನ ಕೈ ಮಾಡುತ್ತಿದ್ದ. ಅಂಬವ್ವ ಮಾತ್ರ ಯಾರು ಕೇಳಿದರೂ ಮೆಟ್ಟಿಲು ಜಾರಿದೆ, ನಳದ ಹತ್ತಿರ ಬಿದ್ದೆ ಎನ್ನುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ, ಚಾಳಿನವರೆಲ್ಲ ನೀರಿಗೆ ನಿಂತಿದ್ದಾಗ, ಕಾಶವ್ವನ ಗಂಡ ಸಾಯಬಣ್ಣ ಬಂದವನೇ ಶೇಖರನ ಕೊರಳಪಟ್ಟಿ ಹಿಡಿದು ಚಪ್ಪಲಿಯಲ್ಲಿ ಹೊಡೆದ. ಕಾಶವ್ವ ಬಾಗಿಲಲ್ಲೇ ನಿಂತು ನೋಡಿದಳು. ಬಿಡಿಸಲಿಲ್ಲ.

ಆಮೇಲೆ ಸಾಯಬಣ್ಣ ಶೇಖರನ ಹತ್ತಿರ ಎಷ್ಟೋ ಸಲ ತಪ್ಪಾಯಿತು ಎಂದ. ವಿಚಿತ್ರವೆಂದರೆ, ಹೊಡೆಸಿಕೊಂಡ ಶೇಖರ ಮರೆತುಬಿಟ್ಟ. ಕುಡಿತವೂ ನಿಧಾನಕ್ಕೆ ಬಿಟ್ಟುಹೋಯಿತು. ಚಾಳು ಒಡೆದು ಒಬ್ಬರು ಗೋರೆಗಾಂವ್‌ಗೆ, ಇನ್ನೊಬ್ಬರು ದಹಿಸರ್‌ಗೆ ಹೋದ ಮೇಲೂ ಅವನೂ ಸಾಯಬಣ್ಣನೂ ಲೋಕಲ್ ರೈಲಿನ ಒಂದೇ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು. ಅಂಬವ್ವ ಮಾತ್ರ ಹಠ ಬಿಡಲಿಲ್ಲ. ಮದುವೆಗಳಲ್ಲಿ ಅಕ್ಕ ಈ ಪಂಕ್ತಿಗೆ ಕೂತರೆ ತಾನು ಮುಂದಿನ ಪಂಕ್ತಿಗೆ ಕೂರುತ್ತಿದ್ದಳು.

ಆ ಶನಿವಾರದ ನಂತರ ಅವಳಿಗೆ ಏನೋ ಕಸಿವಿಸಿ. ಜನ ನಕ್ಕಿದ್ದಕ್ಕಲ್ಲ. ಹೇಳಿಕೊಳ್ಳಲು ತನ್ನ ಬಾಯಿಗೆ ಮೊದಲು ಬಂದದ್ದು ಅದೊಂದೇ ಎಂಬುದಕ್ಕೆ. ಎರಡು ಮಕ್ಕಳನ್ನು ಓದಿಸಿದ್ದಳು. ಶಾಲೆಯಲ್ಲಿ ಎಷ್ಟೋ ಮಕ್ಕಳು ಮೊದಲ ದಿನ ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ. ಅವು ಯಾವುವೂ ನೆನಪಾಗಲೇ ಇಲ್ಲವಲ್ಲ ಎಂದು ಪಾತ್ರೆ ತಿಕ್ಕುವಾಗೆಲ್ಲ ಯೋಚಿಸಿದಳು.

ದೀಪಾವಳಿ ರಜೆಯಲ್ಲಿ ಒಂದು ದಿನ ಗಂಡನಿಗೂ ಹೇಳದೆ ದಹಿಸರ್‌ಗೆ ಹೋದಳು. ಕಾಶವ್ವ ಬಾಗಿಲು ತೆರೆದು ಒಂದು ಗಳಿಗೆ ನೋಡಿದಳು.

"ಚಪ್ಪಲಿ ಒಳಗ ಬಿಡು. ಹೊರಗಿಟ್ಟರ ಯಾರರೆ ಒಯ್ತಾರ."

ಕಾಶವ್ವ ಚಹಾ ಮಾಡಿ ಕಪ್ಪು ಬಸಿ ತಂಗಿಯ ಕೈಗಿಟ್ಟಳು. ಅಂಬವ್ವನೇ ಕೇಳಿದಳು. "ಅವತ್ತ ಯಾಕ ಸುಮ್ಮ ನಿಂತಿ ಅಕ್ಕಾ? ಒಂದ್ ಮಾತ ಬ್ಯಾಡ ಅಂದಿದ್ರ ಮಾವಾ ಬಿಡ್ತಿದ್ದ."

"ನಾ ಯಾಕ ಬ್ಯಾಡ ಅನ್ಲಿ? ಹೊಡೀರಿ ಅಂತ ಕಳಿಸಿದಾಕಿನ ನಾನು."

ಅಂಬವ್ವನಿಗೆ ಇದು ಗೊತ್ತಿರಲಿಲ್ಲ. ಬಸಿ ಕೆಳಗಿಟ್ಟಳು. "ಮಂದಿ ಮುಂದ? ನನ್ನ ಗಂಡನ್ನ?"

"ಮಂದಿಗೆ ಗೊತ್ತಿರಲಿಲ್ಲಂತ ತಿಳದೀಯೇನು? ಹಿಂದಿನ ರಾತ್ರಿ ನಿನ್ನ ದನಿ ನಮ್ಮ ಖೋಲಿಗೆ ಕೇಳಸ್ತಿತ್ತು. ಮುಂಜಾನೆ ನಳದ ಹತ್ರ ಬಿದ್ನಿ ಅಂತ ನನ್ನ ಮುಖಾ ನೋಡಿ ಹೇಳ್ದಿ. ಒಡಹುಟ್ಟಿದಾಕಿಗೆ ಸುಳ್ಳ ಹೇಳ್ತಿ. ನಾ ಏನ್ ಮಾಡ್ಬೇಕಿತ್ತು?"

ಆಮೇಲೆ ಇಬ್ಬರೂ ಜಗಳವಾಡಿದರು. ಕೂಡಿಸಿಟ್ಟ ಮಾತೆಲ್ಲ ಹೊರಗೆ ಬಂತು. ಯಾವ ಮದುವೆಯಲ್ಲಿ ಯಾರು ಮೊದಲು ಮುಖ ತಿರುಗಿಸಿದರು ಎಂಬುದರವರೆಗೂ ಹೋಯಿತು. ಸಾಯಬಣ್ಣ ಒಳಗಿನಿಂದ ಇಣುಕಿ, ಅಂಗಿ ಹಾಕಿಕೊಂಡು ಹೊರಗೆ ಹೊರಟುಹೋದ. ಅಂಬವ್ವ ಅತ್ತಳು. ಕಾಶವ್ವ ಅಳಲಿಲ್ಲ, ಆದರೆ ತಂಗಿಯನ್ನು ಉಣ್ಣದೆ ಕಳಿಸಲೂ ಇಲ್ಲ.

ಸಂಜೆ ಮನೆಗೆ ಬಂದಾಗ ಶೇಖರನಿಗೆ ಸುದ್ದಿ ಮುಟ್ಟಿತ್ತು. ಖುಷಿಯಾಗಿದ್ದ. "ಅಂತೂ ಒಂದಾದ್ರಿ. ಏನಂದ್ಲು ನಿಮ್ಮಕ್ಕ?"

"ಬೈದ್ಲು. ನಾನೂ ಬೈದೆ." ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ರೈಲಿನಲ್ಲಿ ನಿಂತು ಬರುವಾಗ ಅವಳಿಗೆ ಒಂದು ಹೊಳೆದಿತ್ತು. ಇಷ್ಟು ವರ್ಷ ಸಿಟ್ಟು ಹೊತ್ತದ್ದು ಹೊಡೆದವನನ್ನು ಹೊಡೆದವರ ಮೇಲೆ. ತನ್ನನ್ನು ಹೊಡೆದವನ ಜೊತೆ ಒಂದೇ ತಾಟಿನಲ್ಲಿ ಉಂಡಿದ್ದಳು.

"ಒಂದ್ ಕೇಳ್ತೀನ್ರಿ," ಎಂದಳು. "ಅಕ್ಕನ ಗಂಡ ನಿಮ್ಮ ಕಡೆ ಎಷ್ಟೋ ಸಲ ತಪ್ಪಾತು ಅಂದಾನ. ನೀವು ನನ್ನ ಕಡೆ ಯಾವತ್ತರೆ ಅಂದೀರೇನು?"

ಶೇಖರ ಟಿವಿಯ ಸದ್ದು ಕಡಿಮೆ ಮಾಡಿದ. "ಈಗ ಯಾಕ ಅದೆಲ್ಲಾ?"

"ಈಗ ನೆನಪಾತು."

ಅವನು ಮತ್ತೆ ಟಿವಿಯತ್ತ ತಿರುಗಿದ. ಅವಳೂ ಒತ್ತಾಯಿಸದೆ ಹಿಟ್ಟು ಕಲೆಸಲು ಹೋದಳು. ಉಂಡು ಮಲಗುವವರೆಗೂ ಮನೆಯಲ್ಲಿ ಮಾತಿರಲಿಲ್ಲ. ಆದರೆ ಇದು ಅವಳು ಹಿಡಿದ ಮೌನವಲ್ಲ, ಅವನದು.

ಕೆಲವು ದಿನಗಳ ಮೇಲೆ, ಇಬ್ಬರೂ ಸ್ಟೇಷನ್ ಕಡೆ ನಡೆಯುತ್ತಿದ್ದಾಗ, ಸೇತುವೆಯ ಮೆಟ್ಟಿಲ ಬಳಿ ಅವನು ನಿಂತು, ಆ ಸಂಜೆ ಅವಳು ಕೇಳಿದ್ದಕ್ಕೆ ಉತ್ತರವಾಗಿ ಏನೋ ಹೇಳಿದ. ಜನ ಮೈಗೆ ಮೈ ತಾಗಿಸಿ ಇಳಿಯುತ್ತಿದ್ದರು. ಅವಳು ಎರಡನೇ ಸಲ ಹೇಳಿಸಿ ಕೇಳಿಸಿಕೊಂಡಳು. ಏನು ಹೇಳಿದ ಎಂದು ಕಾಶವ್ವ ಫೋನಿನಲ್ಲಿ ಕೆದಕಿದರೂ ಅಂಬವ್ವ ಬಾಯಿ ಬಿಡಲಿಲ್ಲ. "ಅದು ನಿನಗ ಬ್ಯಾಡ," ಎಂದಳಂತೆ. ಆ ಮಾತಿಗೆ ಅಕ್ಕನಿಗೆ ಸ್ವಲ್ಪ ಸಿಟ್ಟು ಬಂದಿದೆ.