ಮೂರು ರಾತ್ರಿಯ ನಿಯಮ

ಕಳೆದ ಭಾನುವಾರ ಹಲಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕೂತು ಗೊರಕೆಯ ಮೇಲೆ ಮುಕ್ಕಾಲು ಗಂಟೆ ಪ್ರವಚನ ಕೇಳಿದೆ. ತಮಾಷೆಯೆಂದರೆ, ತಾನು ಗೊರಕೆಯ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಪ್ರವಚನ ಮಾಡಿದವರಿಗೇ ಗೊತ್ತಿರಲಿಲ್ಲ. ತಲೆದೂಗುತ್ತಿದ್ದ ಸಭೆಗೂ ಗೊತ್ತಿರಲಿಲ್ಲ. ಗೊತ್ತಿದ್ದು, ಅದನ್ನು ನಂಬಿಯೂ ಇದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ವೇದಿಕೆಯ ಮೇಲೆ ಶಾಲು ಹೊದ್ದು, ಊದಿದ ಕಾಲನ್ನು ಕುರ್ಚಿಯ ಕೆಳಗೆ ಸರಿಸಿಕೊಂಡು ಕೂತಿದ್ದ ಸ್ವಾಮಿದಾಸ್.

ತಾಳಿ, ಮೊದಲಿನಿಂದ ಹೇಳುತ್ತೇನೆ.

ಹೊಸ ತಿಪ್ಪಸಂದ್ರದಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ವಿಕ್ಟರ್ ಅವರದು. ವಿಮಾನದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಮೂರು ಮಹಡಿಯ ಮನೆ. ಮೇಲೊಂದು ಗೆಸ್ಟ್ ರೂಮ್ ಇದೆ. ಅದರಲ್ಲಿ ಒಂದು ಹಳೇ ಟಿ.ವಿ., ಒಂದು ಕೆಟ್ಟ ವಾಷಿಂಗ್ ಮಷೀನ್ ವರ್ಷಗಳಿಂದ ವಿಶ್ರಾಂತಿ ಪಡೆಯುತ್ತಿವೆ. (ಅವುಗಳಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.)

ವಿಕ್ಟರ್ ಒಂದು ಕ್ರೈಸ್ತ ಪಂಗಡದ ಸೆಕ್ರೆಟರಿ. ಆ ಪಂಗಡಕ್ಕೆ ಹೆಸರಿಲ್ಲ. ಹೆಸರಿಟ್ಟರೆ ಅಹಂಕಾರ ಬರುತ್ತದೆಂದು ಹಿರಿಯರು ಇಡಲಿಲ್ಲವಂತೆ. ಚರ್ಚ್ ಕಟ್ಟಡವೂ ಇಲ್ಲ, ಮನೆಮನೆಗಳಲ್ಲೇ ಪ್ರಾರ್ಥನೆ. ಬೋಧಕರಿಗೆ ಸ್ವಂತ ಮನೆಯಿಲ್ಲ, ಸಂಸಾರವಿಲ್ಲ, ಸಂಬಳವಿಲ್ಲ. ಇಬ್ಬಿಬ್ಬರಾಗಿ ಸುತ್ತುತ್ತಾರೆ, ವಿಶ್ವಾಸಿಗಳ ಮನೆಯಲ್ಲಿ ತಂಗುತ್ತಾರೆ. ಹಾಗಾಗಿ ಜನ ಇಟ್ಟ ಹೆಸರು 'ಜೋಡಿ ಬ್ರದರ್ಸ್'. ಒಂದು ಮನೆಯಲ್ಲಿ ಮೂರೇ ರಾತ್ರಿ. ನಾಲ್ಕನೇ ಬೆಳಿಗ್ಗೆ ಚೀಲ ಹೆಗಲಿಗೆ.

ಎರಡು ತಿಂಗಳ ಹಿಂದೆ ವಿಕ್ಟರ್ ಬಂದರು.

"ಸಾರ್, ನಮ್ಮ ಸೇವೆ ಶುರುವಾಗಿ ಐವತ್ತು ವರ್ಷ ಆಯ್ತು. ಸೊವೆನಿಯರ್ ತರ್ತಿದೀವಿ. ನೀವು ಪೇಪರ್‌ಗೆ ಬರೀತೀರಲ್ಲ, ನಮ್ಮ ಹಿಸ್ಟರಿ ಸ್ವಲ್ಪ ಚೆನ್ನಾಗಿ ಬರ್ದುಕೊಡ್ಬೇಕು."

"ನಿಮ್ಮ ಹಿಸ್ಟರಿ ನನಗೇನ್ರೀ ಗೊತ್ತು?"

"ಹಿಸ್ಟರೀನೇ ನಿಮ್ಮನೆಗೆ ಕಳಿಸ್ತೀನಿ ಸಾರ್! ಬ್ರದರ್ ಸ್ವಾಮಿದಾಸ್ ಅಂತ. ಶುರು ಮಾಡಿದ ಇಬ್ರಲ್ಲಿ ಉಳಿದಿರೋದು ಅವರೊಬ್ರೇ. ಮೂರು ದಿನ ನಿಮ್ಮಲ್ಲೇ ಇರ್ತಾರೆ. ಆರಾಮಾಗಿ ಕೂತು ಬರ್ಕೊಳ್ಳಿ."

ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡೆ. (ಅತಿಥಿಯನ್ನು ಹೀಗೂ ಸಾಗಹಾಕಬಹುದು ಅಂತ ಹೊಳೆಯಲು ನನಗೆ ಎರಡು ದಿನ ಬೇಕಾಯಿತು.)

ಸ್ವಾಮಿದಾಸ್ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಒಂದು ಬಟ್ಟೆಯ ಚೀಲ, ಒಂದು ಕೊಡೆ. ಬಲಗಾಲು ಮೊಣಕಾಲಿನಿಂದ ಕೆಳಗೆ ಊದಿಕೊಂಡಿತ್ತು. ನನ್ನ ಹೆಂಡತಿ ಸುನಂದಾ ಹಾವೇರಿಯವಳು, ಬಿಸಿ ರೊಟ್ಟಿ ಮಾಡಿ ಬಡಿಸಿದಳು. "ಅಮ್ಮಾ, ಹಲ್ಲಿಲ್ಲದೋರ ಮೇಲೆ ಕರುಣೆ ಇಟ್ಟು ತಟ್ಟಿದೀರ" ಅಂದರು. ಅಷ್ಟಕ್ಕೇ ಅವಳು ಅವರ ಪಕ್ಷ ಸೇರಿಬಿಟ್ಟಳು.

ನಾನು ನೋಟ್‌ಬುಕ್ ತೆಗೆದೆ. ಚರಿತ್ರೆ ಹೊರಬಿತ್ತು.

ಸ್ವಾಮಿದಾಸ್ ಆಗ ಕಂಟೋನ್ಮೆಂಟಿನ ಒಂದು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಗೆಳೆಯ ಜೀವರತ್ನಂ ಹಲಸೂರಿನಲ್ಲಿ ಮಿಲಿಟರಿಯವರ ಯೂನಿಫಾರಂ ಹೊಲಿಯುತ್ತಿದ್ದರು. ಬೈಬಲಿನಲ್ಲಿ ಶಿಷ್ಯರನ್ನು ಇಬ್ಬಿಬ್ಬರಾಗಿ, ಬರಿಗೈಯಲ್ಲಿ ಕಳಿಸಿದ ಕಥೆಯನ್ನು ಓದಿದ ಇಬ್ಬರೂ ಕೆಲಸ ಬಿಟ್ಟು ಹೊರಟೇಬಿಟ್ಟರು. ಮೊದಲ ದಿನ ಹಲಸೂರಿನಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಮಳೆ ಬಂತು. ಶಿವಾಜಿನಗರಕ್ಕೆ ವಾಪಸ್ ಬಂದು ಕೊಡೆ ರಿಪೇರಿ ಅಂಗಡಿಯೊಂದರ ಸೂರಿನ ಕೆಳಗೆ ನಿಂತರು. ಅಂಗಡಿಯ ಸಾಹೇಬರು "ಅಂದರ್ ಆವೋ, ಬೈಠೋ" ಅಂದರು. ಚಹಾ ಕೊಟ್ಟರು, ಮಲಗಲು ಜಾಗ ಕೊಟ್ಟರು, ಬೆಳಿಗ್ಗೆ ಒಂದು ಕೊಡೆಯನ್ನೂ ಕೊಟ್ಟು ಕಳಿಸಿದರು.

"ಇಬ್ಬಿಬ್ರೇ ಯಾಕೆ ಬ್ರದರ್? ಒಬ್ಬರೇ ಹೋದ್ರೆ ಆಗಲ್ವಾ?"

"ಒಬ್ನೇ ಹೋದ್ರೆ ಸುಳ್ಳು ಹೇಳ್ತಾನೆ ಸಾರ್. ಇಬ್ರಿದ್ರೆ ಒಬ್ರು ಕೆಮ್ತಾರೆ."

ನಮ್ಮ ಪಾರ್ಟಿಗಳಿಗೂ ಈ ವ್ಯವಸ್ಥೆ ಬಂದರೆ ಎಷ್ಟು ಕೆಮ್ಮು ಕೇಳಬೇಕಾದೀತು?

"ಸರಿ, ಮೂರು ರಾತ್ರಿ ಯಾಕೆ?"

ಸ್ವಾಮಿದಾಸ್ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಸಣ್ಣಗೆ ನಕ್ಕರು.

"ಜೀವರತ್ನಂ ಗೊರಕೆ ಸಾರ್. ಕೆ.ಆರ್. ಪುರದಲ್ಲಿ ಒಂದು ಮನೆ. ಮೊದಲನೇ ರಾತ್ರಿ ಮನೆಯೋರು ಸಹಿಸ್ಕೊಂಡ್ರು. ಎರಡನೇ ರಾತ್ರಿ ಪಕ್ಕದ ಮನೆಯೋರು ಎದ್ದು ಬಂದ್ರು. ಮೂರನೇ ರಾತ್ರಿ ಹಸು ಹಗ್ಗ ಕಿತ್ಕೊಂಡು ಓಡ್ತು. ಬೆಳಿಗ್ಗೆ ಯಜಮಾನ್ರು ಕೈ ಮುಗಿದ್ಬಿಟ್ರು. ಆವತ್ತು ನಾವಿಬ್ರೂ ಮಾತಾಡ್ಕೊಂಡ್ವಿ, ಇನ್ಮೇಲೆ ಯಾರ ಮನೇಲೂ ಮೂರು ರಾತ್ರಿಗಿಂತ ಜಾಸ್ತಿ ಬೇಡ ಅಂತ."

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗುವುದನ್ನು ನಿಲ್ಲಿಸಿದ್ದರು.

ಜೀವರತ್ನಂ ತೀರಿಕೊಂಡು ಎಂಟು ವರ್ಷವಾಗಿದೆ. ಅಂದಿನಿಂದ ಸ್ವಾಮಿದಾಸ್ ಒಬ್ಬರೇ ಸುತ್ತುತ್ತಿದ್ದಾರೆ. ನಮ್ಮಲ್ಲಿಗೆ ಬರುವ ಹಿಂದಿನ ತಿಂಗಳು ಅವರಿಗೆ ವಿಕ್ಟರ್ ಮನೆಯಲ್ಲಿದ್ದಾಗಲೇ ಕಾಲು ಊದಿ ಜ್ವರ ಬಂತು. ಇನ್ನೆರಡು ದಿನ ಇರಲಾ ಅಂತ ಕೇಳಿದರು. ವಿಕ್ಟರ್ ಹೇಳಿದ್ದು ಇಷ್ಟು: "ಬ್ರದರ್, ನಿಯಮ ಮಾಡಿದ್ದೇ ನೀವು. ನೀವೇ ಮುರಿದ್ರೆ ಹೊಸಬ್ರಿಗೆ ಏನು ಮಾದರಿ?" ಆಮೇಲೆ ಆಟೋ ಕರೆಸಿದರು.

"ಡಾಕ್ಟ್ರು ಒಂದು ತಿಂಗಳು ಕಾಲು ಮೇಲಿಟ್ಕೊಂಡು ಮಲಗಿ ಅಂದಿದಾರೆ. ಒಂದು ತಿಂಗಳು ಅಂದ್ರೆ ಹತ್ತು ಮನೆ ಸಾರ್. ಕಾಲು ಮೇಲಿಟ್ಕೊಂಡು ಹತ್ತು ಮನೆ ಹೆಂಗೆ ಸುತ್ತೋದು?"

ನಾನು ನೋಟ್‌ಬುಕ್‌ನಲ್ಲಿ 'ಹತ್ತು ಮನೆ' ಅಂತ ಬರೆದುಕೊಂಡೆ. ಅವರು ಅದನ್ನೇ ನೋಡುತ್ತಾ ಮುಂದುವರಿಸಿದರು:

"ಅದಕ್ಕೇ ಒಂದು ಉಪಕಾರ ಮಾಡಿ. ಆ ಗೊರಕೆ ವಿಷಯ ಬರ್ದುಬಿಡಿ. ನಾನು ಹೇಳಿದ್ರೆ ಅರಳುಮರಳು ಅಂತಾರೆ. ಅಚ್ಚಾದ್ರೆ ನಂಬ್ತಾರೆ. ಓದಿದೋರಲ್ಲಿ ಯಾರಾದ್ರೂ ಒಬ್ರು 'ಇರಿ ಬ್ರದರ್' ಅನ್ಬಹುದು."

ಮೊಳೆ ಜೋಡಿಸಿದವರಿಗೆ ಅಚ್ಚಿನ ಮೇಲೆ ಇರುವ ನಂಬಿಕೆ ನಮ್ಮಂಥ ಬರೆಯುವವರಿಗೂ ಇರುವುದಿಲ್ಲ. ನಾನು ಬರೆದೆ. ಕೊಡೆ ಅಂಗಡಿ, ಗೊರಕೆ, ಹಸು, ಒಂದನ್ನೂ ಬಿಡದೆ ಬರೆದೆ.

ಸೊವೆನಿಯರ್ ಕಮಿಟಿ ವಿಕ್ಟರ್ ಅವರ ಹಾಲ್‌ನಲ್ಲಿ ಸೇರಿತು. ಕೆಂಪು ಪೆನ್ನು ಮೊದಲು ಬಿದ್ದದ್ದು ಕೊಡೆ ಅಂಗಡಿಯ ಮೇಲೆ. ಏಕೆಂದರೆ ಬ್ರದರ್‌ಗಳು ಮೊಟ್ಟಮೊದಲು ತಂಗಿದ್ದು ತಮ್ಮ ತಾತನ ಮನೆಯಲ್ಲಿ ಅಂತ ಈಗಾಗಲೇ ಐದು ಕುಟುಂಬಗಳು ಸೊವೆನಿಯರ್‌ಗೆ ಫೋಟೋ ಸಮೇತ ಬರೆದುಕೊಟ್ಟಿದ್ದವು. ಐದನ್ನೂ ಹಾಕುವುದೆಂದು ತೀರ್ಮಾನವಾಯಿತು. ಮೊದಲ ರಾತ್ರಿ ಐದು ಮನೆಯಲ್ಲಿ ಮಲಗುವುದು ಪವಾಡವಲ್ಲವೇ? ಧರ್ಮ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಆಮೇಲೆ ಗೊರಕೆಯ ಸರದಿ.

"ಸಾರ್, ಇದೆಲ್ಲಾ ಸೊವೆನಿಯರ್‌ನಲ್ಲಿ ಹಾಕಕ್ಕಾಗುತ್ತಾ?" ಅಂದರು ವಿಕ್ಟರ್. "ಸ್ಪಿರಿಚುಯಲ್ ಆಗಿ ಇರ್ಬೇಕು." ಅವರೇ ಬರೆದರು: ಹಿರಿಯರು ಉಪವಾಸವಿದ್ದು, ಮೂರೆಂಬ ಪವಿತ್ರ ಸಂಖ್ಯೆಯನ್ನು ಧ್ಯಾನಿಸಿ ಕಂಡುಕೊಂಡ ನಿಯಮ.

"ಅಲ್ರೀ, ಅವರ ಕಾಲು..."

"ಅದಕ್ಕೆ ಎಲ್ರೂ ಪ್ರಾರ್ಥನೆ ಮಾಡ್ತಿದೀವಿ ಸಾರ್."

ಹೀಗೆ ಕಳೆದ ಭಾನುವಾರ ಬಂತು. ಹೊಸ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಯುವ ಬೋಧಕರೊಬ್ಬರು ಮೂರರ ಮಹಿಮೆಯನ್ನು ಮುಕ್ಕಾಲು ಗಂಟೆ ವಿವರಿಸಿದರು. ಸ್ವಾಮಿದಾಸ್ ಸೊವೆನಿಯರ್ ಬಿಡಿಸಿ, ಹಳೇ ಪ್ರೂಫ್ ನೋಡುವವರ ಹಾಗೆ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಪುಸ್ತಕ ಮುಚ್ಚಿದರು. ಸಭೆಯಲ್ಲಿ ನನ್ನನ್ನು ಹುಡುಕಿ ಒಂದು ಸಲ ನೋಡಿದರು. ನಾನು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳತೊಡಗಿದೆ.

ಊಟವಾದ ಮೇಲೆ ವಿಕ್ಟರ್ ಡೈರಿ ತೆರೆದು, "ಬ್ರದರ್, ಇವತ್ತಿಂದ ಕೆ.ಆರ್. ಪುರ" ಅಂದರು. ಐದೂ 'ಮೊದಲ ಮನೆ'ಯವರು ಸಾಲಾಗಿ ನಿಂತು ಅವರ ಕೈ ಕುಲುಕಿದರು. ಇರಿ ಅಂತ ಒಬ್ಬರೂ ಅನ್ನಲಿಲ್ಲ. ಆಟೋ ಹೊರಟಿತು.

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವನೇ ವಿಕ್ಟರ್‌ಗೆ, ಕಮಿಟಿಗೆ, ಇಡೀ ಪಂಗಡಕ್ಕೆ ಬಾಯಿಗೆ ಬಂದಂತೆ ಬೈದೆ. ಸುನಂದಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವತ್ತು ನೀವೇನಂದ್ರಿ?" ಅಂದಳು.

ಅವತ್ತು ಅಂದರೆ, ನಮ್ಮ ಮನೆಯ ನಾಲ್ಕನೇ ಬೆಳಿಗ್ಗೆ. ಸ್ವಾಮಿದಾಸ್ ಸ್ನಾನ ಮಾಡಿ, ಚೀಲ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದರು. ಚೀಲದ ದಾರವನ್ನು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ನಮ್ಮ ಮುಂದಿನ ರೂಮು ಖಾಲಿಯೇ ಇತ್ತು. ಸುನಂದಾ ಅಡುಗೆಮನೆಯ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ನಿಯಮದ ಗುಟ್ಟು ಗೊತ್ತಿದ್ದ, ಆ ಪಂಗಡಕ್ಕೆ ಸೇರದ, ಯಾವ ಕಮಿಟಿಯನ್ನೂ ಕೇಳಬೇಕಿಲ್ಲದ ಒಬ್ಬನೇ ಒಬ್ಬ ಯಜಮಾನ ನಾನು. ನಾನು ಏನಂದೆ ಗೊತ್ತೇ?

"ನಿಮ್ಮ ನಿಯಮ ಇದೆಯಲ್ಲ ಬ್ರದರ್, ನಾನು ಬಲವಂತ ಮಾಡಲ್ಲ. ಆಟೋ ತರ್ಲಾ?"

ಅಂದಹಾಗೆ, ನಮ್ಮ ಮನೆಯಲ್ಲಿ ಮಲಗಿದ್ದ ಮೂರು ರಾತ್ರಿಯೂ ಸ್ವಾಮಿದಾಸ್ ಒಂದು ಸಲವೂ ಗೊರಕೆ ಹೊಡೆಯಲಿಲ್ಲ.