ಗಾಳಿ ಸೋರುವ ಜಾಗ ಹುಡುಕಿಕೊಟ್ಟ ಫಿಟ್ಟರ್ ತಾತ

ಮೊನ್ನೆ ಬಂಗಾರಪೇಟೆಯ ಗೊಬ್ಬರದ ಅಂಗಡಿಯಲ್ಲಿ ಯಾರೋ ಔಷಧಿ ಹೊಡೆಯುವ ಹಳೆಯ ಪಂಪನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. ಒಳಗಿನ ಚರ್ಮದ ವಾಷರ್ ಒಣಗಿ ಮುದುಡಿಹೋಗಿತ್ತು. ಅಂಗಡಿಯವರು ಅದರ ಮೇಲೆ ನಾಲ್ಕು ಹನಿ ಹರಳೆಣ್ಣೆ ಬಿಟ್ಟು ಹೆಬ್ಬೆರಳಿನಿಂದ ತಿಕ್ಕಿದರು. ಚರ್ಮ, ಹರಳೆಣ್ಣೆ, ಹಿತ್ತಾಳೆ ಮೂರೂ ಬೆರೆತ ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಕೊಳ್ಳಲು ಹೋಗಿದ್ದ ಬೇವಿನ ಹಿಂಡಿಯನ್ನೇ ಮರೆತು ನಿಂತುಬಿಟ್ಟೆ. ಫಿಟ್ಟರ್ ತಾತನ ಶೆಡ್ಡಿನ ವಾಸನೆ ಅದು...

ತಾತ ಎಂದರೆ ನಮ್ಮ ಸ್ವಂತ ತಾತ ಅಲ್ಲ. ಆಂಡರ್ಸನ್‌ಪೇಟೆಯ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದವರು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಉರಿಗಾಂನ ಕಂಪ್ರೆಸರ್ ಮನೆಯಲ್ಲಿ ಫಿಟ್ಟರ್ ಆಗಿದ್ದರು. ಭೂಮಿಯ ಆಳದಲ್ಲಿ ಬಂಡೆ ಕೊರೆಯುವ ಯಂತ್ರಗಳು ಓಡುತ್ತಿದ್ದದ್ದು ಮೇಲಿನಿಂದ ಪೈಪಿನಲ್ಲಿ ಕಳಿಸುವ ಗಾಳಿಯ ಒತ್ತಡದಿಂದ. ಆ ಗಾಳಿ ದಾರಿಯಲ್ಲಿ ಎಲ್ಲೂ ಸೋರದಂತೆ ನೋಡಿಕೊಳ್ಳುವುದು ಅವರ ಕೆಲಸ. ಗಣಿ ಮುಚ್ಚಿದ ಮೇಲೆ ಪಂಪ್ ಸ್ಟವ್, ಸೈಕಲ್ ಪಂಪು, ನಮ್ಮಂಥ ಟೊಮೇಟೊ ಬೆಳೆಯುವವರ ಔಷಧಿ ಪಂಪು, ಹೀಗೆ ಗಾಳಿಯಿಂದ ನಡೆಯುವ ಏನೇ ಇದ್ದರೂ ರಿಪೇರಿ ಮಾಡುತ್ತಿದ್ದರು. ಕಂಪ್ರೆಸರ್‌ಗಳ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಸೋರುವ ಗಾಳಿಯ ಸದ್ದು ಕೇಳಿಸುತ್ತಿರಲಿಲ್ಲ. ಅದಕ್ಕೇ ಕೆನ್ನೆಯನ್ನು ಒದ್ದೆ ಮಾಡಿಕೊಂಡು ಸಾಮಾನಿನ ಹತ್ತಿರ ಹಿಡಿಯುತ್ತಿದ್ದರು. ತಣ್ಣಗೆ ತಾಕಿದ ಕಡೆ ಬಳಪದಿಂದ ಗುರುತು ಹಾಕುತ್ತಿದ್ದರು. ಅವರ ಮನೆಮಾತು ತಮಿಳು, ನನ್ನನ್ನು ಪಾಪಾ, ಅಂದರೆ ಮಗು ಎಂದೇ ಕರೆಯುತ್ತಿದ್ದರು.

ನಾನು ಓದು ಮುಗಿಸಿದ ಹೊಸದರಲ್ಲಿ, ಚಿಕ್ಕಪ್ಪನ ಮಗ ಅಣ್ಣನೂ ನಾನೂ ಸೇರಿ ಬೇತಮಂಗಲದ ದಾರಿಯಲ್ಲಿರುವ ನಮ್ಮ ಮಾವಿನ ತೋಪಿನಲ್ಲಿ ಏರ್‌ಸಾಫ್ಟ್ ಆಟದ ಮೈದಾನ ಶುರು ಮಾಡಿದ್ದೆವು. ನೋಡಲು ನಿಜವಾದ ಬಂದೂಕಿನ ಹಾಗೇ ಇರುವ, ಬ್ಯಾಟರಿಯಿಂದ ನಡೆಯುವ ಆಟದ ಗನ್ನು ಅದು. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಗುಂಡು ಹಾರಿಸುತ್ತದೆ. ಎರಡು ತಂಡಗಳು ಕಣ್ಣಿಗೆ ಕನ್ನಡಕ ಹಾಕಿಕೊಂಡು ಮರಗಳ ಮರೆಯಲ್ಲಿ ಆಡುತ್ತವೆ. ಗುಂಡು ತಾಗಿದವರು ಕೈ ಎತ್ತಿ ಹೊರಗೆ ಬರಬೇಕು. ಬೆಂಗಳೂರಿನಲ್ಲಿ ಇಂಥದ್ದೇ ಮೈದಾನ ನಡೆಸಿ ಬಿಟ್ಟವರೊಬ್ಬರಿಂದ ಆರು ಹಳೆಯ ಗನ್ನು ತಂದಿದ್ದೆವು. ಮನೆಯವರಿಗೆ ಇದು ಹುಚ್ಚಾಟವಾಗಿ ಕಂಡಿತ್ತು. "ಆಲ್ ಕರ್ಯೋದ್ ಬಿಟ್ಟು ತೋಪ್ನಾಗೆ ಡಿಸುಂ ಡಿಸುಂ ಅಂತವ್ಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಆದರೆ ನಮ್ಮ ಗನ್ನುಗಳಿಂದ ಹೊರಟ ಗುಂಡು ನಾಲ್ಕನೇ ಮರದ ಹೊತ್ತಿಗೆ ಸುಸ್ತಾಗಿ ನೆಲಕ್ಕೆ ಬೀಳುತ್ತಿತ್ತು. ಕೆಲವು ಬಾಳೆಹಣ್ಣಿನ ಹಾಗೆ ಬಾಗಿ ಪಕ್ಕದ ಸಾಲಿಗೆ ಹೋಗುತ್ತಿದ್ದವು. ಆಡಲು ಬಂದವರು ನಕ್ಕು ಹೋದರು, ಮತ್ತೆ ಬರಲಿಲ್ಲ. ಕೊನೆಗೆ ಬೆಂಗಳೂರಿನ ದೊಡ್ಡ ತಂಡವೊಂದು ಇನ್ನೆರಡು ಭಾನುವಾರ ಬಿಟ್ಟು ಬರುತ್ತೇವೆ, ಗನ್ನು ಸರಿಯಿದ್ದರೆ ತಿಂಗಳು ತಿಂಗಳೂ ಬರುತ್ತೇವೆ ಎಂದಿತು. ಈ ಸಲ ಕೆಟ್ಟರೆ ತೋಪಿಗೆ ಬೀಗ ಎಂದು ನಮಗಿಬ್ಬರಿಗೂ ಗೊತ್ತಿತ್ತು.

"ಗಟ್ಟಿ ಸ್ಪ್ರಿಂಗ್ ಆಕ್ಬುಟ್ರೆ ಆಯ್ತು, ಪವರ್ ಬತ್ತದೆ" ಎನ್ನುವುದು ಅಣ್ಣನ ವಾದ. ನನಗೂ ಅದೇ ಸರಿ ಎನಿಸಿತ್ತು. ಆದರೆ ಬಿಚ್ಚಲು ನನಗೆ ಕೈ ಬರಬೇಕಲ್ಲ? ಒಂದು ಗನ್ನನ್ನು ಗೋಣಿಚೀಲದಲ್ಲಿ ಸುತ್ತಿ, ಮೇಲೆ ನಾಲ್ಕು ಕಟ್ಟು ದಂಟಿನ ಸೊಪ್ಪು ಇಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಯಾರಾದರೂ ಕಂಡು ಗಾಬರಿಯಾದಾರು ಎಂಬ ಭಯ.

ಫಿಟ್ಟರ್ ತಾತ ಸೊಪ್ಪನ್ನು ಪಕ್ಕಕ್ಕಿಟ್ಟು ಗನ್ನು ನೋಡಿ ಜೋರಾಗಿ ನಕ್ಕರು. ಅಂಥದ್ದನ್ನು ಅವರು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

"ಎನ್ನಮ್ಮಾ ಇದು? ಏನ್ ಕಾಯಿಲೆ ಇದ್ಕೆ?"

"ಪವರ್ ಕಮ್ಮಿ ತಾತ. ಗಟ್ಟಿ ಸ್ಪ್ರಿಂಗ್ ಆಕ್ಕೊಡಿ."

"ಔಷ್ಧಿ ನೀನೇ ಏಳಿದ್ರೆ ನಾನ್ಯಾಕೆ ಪಾಪಾ? ಕಾಯಿಲೆ ಏಳು."

ಮಧ್ಯಾಹ್ನವೆಲ್ಲ ಅದನ್ನು ಬಿಚ್ಚಿ, ಪ್ರತಿ ತಿರುಪನ್ನೂ ಹಳೆಯ ಪಂಚಾಂಗದ ಹಾಳೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಇಟ್ಟರು. ಒಳಗೆ ಸಣ್ಣ ಸಿಲಿಂಡರ್, ಅದರಲ್ಲಿ ಓಡಾಡುವ ಪಿಸ್ಟನ್, ಹಿಂದೆ ಸ್ಪ್ರಿಂಗು. ಮೋಟಾರು ಹಲ್ಲುಚಕ್ರಗಳನ್ನು ತಿರುಗಿಸಿ ಪಿಸ್ಟನ್ನನ್ನು ಹಿಂದಕ್ಕೆಳೆದು ಬಿಡುತ್ತದೆ, ಅದು ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ತಾತನ ಮುಖ ಅರಳಿತು. "ಅಯ್ಯೋ, ಇದು ನಮ್ ಕಂಪ್ರೆಸರ್ ಮರಿ!" ಎಂದರು.

ಆಮೇಲೆ ಸಿಲಿಂಡರಿನ ಬಾಯಿಗೆ ನನ್ನ ಬೆರಳು ಒತ್ತಿಸಿ, ಪಿಸ್ಟನ್ ತಳ್ಳು ಎಂದರು. ಸಲೀಸಾಗಿ ಕೊನೆಯವರೆಗೂ ಹೋಯಿತು. ಬಾಯಿ ಮುಚ್ಚಿದ್ದರೂ ಗಾಳಿ ಎಲ್ಲಿಗೆ ಹೋಯಿತು? ಅವರು ಒದ್ದೆ ಕೆನ್ನೆಯನ್ನು ಹತ್ತಿರ ತಂದರು. ಪಿಸ್ಟನ್ನಿನ ರಬ್ಬರ್ ಉಂಗುರದ ಸುತ್ತಲೂ ಸೋರುತ್ತಿತ್ತು. ಗುಂಡು ಕೂರುವ ಕಡೆ ಇದ್ದ ಮೆತ್ತನೆಯ ರಬ್ಬರ್ ಕೊಳವೆಯೂ ಒಂದು ಪಕ್ಕ ಸವೆದಿತ್ತು. ಹಾರುವಾಗ ಗುಂಡಿಗೆ ಹಿಮ್ಮುಖ ಸುತ್ತು ಕೊಟ್ಟು ಅದನ್ನು ನೆಟ್ಟಗೆ ಕಳಿಸುವುದು ಆ ರಬ್ಬರೇ ಎಂದು ನನಗೆ ತಿಳಿದದ್ದು ಅವತ್ತು. ನಳಿಗೆಯೊಳಗೆ ಬಟ್ಟೆ ತೂರಿಸಿ ಎಳೆದರೆ ಕಪ್ಪಗೆ ಬಂತು.

ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮೊದಲು ಎಂದು ಅವರು ಹೇಳಿದ್ದನ್ನು ಸೊಪ್ಪು ಸುತ್ತಿದ್ದ ಕಾಗದದ ಮೇಲೇ ಬರೆದುಕೊಂಡೆ. ಮೊದಲು ಸೋರಿಕೆ ನಿಲ್ಲಿಸು. ಆಮೇಲೆ ನಳಿಗೆ ತೊಳಿ. ಆಮೇಲೆ ಆ ಸುತ್ತು ಕೊಡುವ ರಬ್ಬರು. ಆಮೇಲೆ ಒಂದೇ ಅಳತೆಯ, ತುಸು ತೂಕದ ಒಳ್ಳೆಯ ಗುಂಡು. ಸ್ಪ್ರಿಂಗಿನ ಮಾತು ಎಲ್ಲಕ್ಕಿಂತ ಕೊನೆಗೆ, ಅದೂ ಬೇಕೆನಿಸಿದರೆ. ಆ ಗನ್ನನ್ನು ರಿಪೇರಿಗೆಂದು ಅವರ ಹತ್ತಿರವೇ ಬಿಟ್ಟು ಬಂದೆ.

ಅಣ್ಣನಿಗೆ ತಾಳ್ಮೆ ಇರಲಿಲ್ಲ. ನನಗೆ ಹೇಳದೆ ಮೊದಲೇ ಪಾರ್ಸಲಿನಲ್ಲಿ ತರಿಸಿಟ್ಟಿದ್ದ ಗಟ್ಟಿ ಸ್ಪ್ರಿಂಗುಗಳನ್ನು, ನಾನು ಊರಿಗೆ ಬರುವಷ್ಟರಲ್ಲಿ ಹೇಗೋ ಬಿಚ್ಚಿ ಎರಡು ಗನ್ನಿಗೆ ಹಾಕಿಯೇಬಿಟ್ಟಿದ್ದ. ಒಂದರಲ್ಲಿ ಹತ್ತಿಪ್ಪತ್ತು ಗುಂಡು ಹೊಡೆಯುತ್ತಲೇ ಕಟಕ್ ಎಂದು ಹಲ್ಲುಚಕ್ರ ಮುರಿಯಿತು. ಇನ್ನೊಂದು ಮಾತ್ರ ಭರ್ಜರಿಯಾಗಿ ಹೊಡೆಯಿತು. ಗುಂಡು ಎಂಟನೇ ಮರದ ತೊಗಟೆಗೆ ಟಪ್ಪೆಂದು ಬಡಿದಾಗ ನಾನೂ ಕುಣಿದೆ ಎಂದು ಒಪ್ಪಿಕೊಳ್ಳಲೇಬೇಕು. ಮರುದಿನ ಅದನ್ನೇ ಹೊತ್ತುಕೊಂಡು ತಾತನಿಗೆ ತೋರಿಸಲು ಹೋದೆ.

ತಾತ ಶೆಡ್ಡಿನ ಹಿಂದಿನ ಗೋಡೆಯ ಮೇಲೆ ಒಂದು ಹಣ್ಣು ಟೊಮೇಟೊ ಇಟ್ಟು, ಕನ್ನಡಕ ಹಾಕಿಕೊಂಡು ಹತ್ತು ಹೆಜ್ಜೆಯಿಂದ ಹೊಡಿ ಎಂದರು. ಹೊಡೆದೆ. ಗುಂಡು ಸಿಪ್ಪೆ ಸೀಳಿಕೊಂಡು ಒಳಗೆ ಹೋಗಿ ಕೂತಿತು. ರಸ ಗೋಡೆಯ ಮೇಲೆ ಸಣ್ಣಗೆ ಇಳಿಯಿತು. ಆಮೇಲೆ ನಾನು ಬಿಟ್ಟುಹೋಗಿದ್ದ, ಅಷ್ಟರಲ್ಲಿ ತಾವು ರಿಪೇರಿ ಮಾಡಿದ್ದ, ಹಳೆಯ ಸ್ಪ್ರಿಂಗಿನ ಗನ್ನಿನಿಂದ ಇನ್ನೊಂದು ಟೊಮೇಟೊಗೆ ಹೊಡೆಸಿದರು. ಹಣ್ಣು ಉರುಳಿ ಬಿತ್ತು, ಸಿಪ್ಪೆ ಒಡೆದಿರಲಿಲ್ಲ.

ಆಗ ಅವರು ಹೇಳಿದ್ದು ಅವರ ಜೊತೆಗಾರನೊಬ್ಬನ ಕಥೆ. ಇನ್ನೊಂದಿಷ್ಟು ಬೇಗ ಕೊರೆಯಲಿ ಎಂದು ಯಾರೋ ಗಾಳಿಯ ಒತ್ತಡ ಏರಿಸಿದ್ದರಂತೆ. ಹಳೆಯ ಹೋಸ್ ಪೈಪು ಜೋಡಣೆಯ ಹತ್ತಿರ ಬಿಟ್ಟುಕೊಂಡು ಆತನ ಮುಖಕ್ಕೆ ಬಡಿಯಿತು. ಒಂದು ಕಣ್ಣು ಹೋಯಿತು. ಅವತ್ತು ಆ ಜೋಡಣೆ ನೋಡಬೇಕಿದ್ದವರು ತಾತನೇ. "ನಾಳೆ ನೋಡ್ಕೊಳಾಣ ಅಂದೆ..." ಎಂದು ಗೋಡೆಯ ಮೇಲಿನ ರಸ ಒರೆಸತೊಡಗಿದರು. ಒರೆಸುತ್ತಲೇ, "ಆಡಕ್ ಬಂದೋರು ಬಂದಂಗೇ ಮನೇಗ್ ಓಗ್ಬೇಕು ಪಾಪಾ" ಎಂದರು.

ಮನೆಗೆ ಬಂದು ಆ ಸ್ಪ್ರಿಂಗು ತೆಗೆಯಲು ಕೂತೆ. ಅಣ್ಣ ಕೂಗಾಡಿದ. "ಬೆಂಗ್ಳೂರೋರ್ ಮುಂದೆ ಮಾನ ತೆಗಿತೀಯಾ?" ಎಂದ. "ಅವ್ರು ಬರ್ದೇ ಓದ್ರೂ ಚಿಂತಿಲ್ಲ, ಇದನ್ನ ಮಾತ್ರ ಯಾರ್ ಕೈಗೂ ಕೊಡಲ್ಲ" ಎಂದೆ. ಮೂರು ದಿನ ನಮ್ಮಿಬ್ಬರಿಗೆ ಮಾತಿರಲಿಲ್ಲ. ನಾನು ದಿನಾ ಬೆಳಗಿನ ಹಾಲು ಡೇರಿಗೆ ಹಾಕಿ ಆಂಡರ್ಸನ್‌ಪೇಟೆಗೆ ಹೋಗುತ್ತಿದ್ದೆ. ಒಂದೊಂದೇ ಗನ್ನು ಬಿಚ್ಚಿ, ಉಂಗುರ ಹಾಕಿ, ರಬ್ಬರ್ ಬದಲಾಯಿಸಿ, ಬಾಯಿಗೆ ಬೆರಳೊತ್ತಿ ಪರೀಕ್ಷೆ ಮಾಡುತ್ತಿದ್ದೆವು. ಪಿಸ್ಟನ್ ಅರ್ಧಕ್ಕೇ ನಿಂತರೆ ತಾತ "ಪಾಸು!" ಎನ್ನುತ್ತಿದ್ದರು. ಮೊದಲೆರಡು ಅವರು ಮಾಡಿದರು, ಉಳಿದವು ನಾನೇ. ಅವರ ಹೆಂಡತಿ ಕೊಡುತ್ತಿದ್ದ ಬೆಲ್ಲದ ಕಾಫಿಯ ರುಚಿ ಈಗಲೂ ನಾಲಗೆಯಲ್ಲಿದೆ. ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ಏನನ್ನಾದರೂ ಕಲಿತದ್ದು ಆ ದಿನಗಳಲ್ಲೇ ಇರಬೇಕು.

ಭಾನುವಾರ ತಂಡ ಬಂತು. ತಾತನೂ ಬೇತಮಂಗಲದ ಬಸ್ಸಿನಲ್ಲಿ ಬಿಳಿ ಅಂಗಿ ತೊಟ್ಟು ಬಂದರು. ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು. ಗುಂಡುಗಳು ಆರನೇ ಮರದವರೆಗೆ ದಾರ ಕಟ್ಟಿದ ಹಾಗೆ ನೆಟ್ಟಗೆ ಹೋದವು. ಬಂದವರು ಈ ಸಲ ನಗಲಿಲ್ಲ. ಊಟದ ಹೊತ್ತಿನ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಒಬ್ಬ ಹುಡುಗಿ ಓಡುವಾಗ ಕೊಂಬೆ ತಗುಲಿ ಅವಳ ಕನ್ನಡಕ ಕಳಚಿತು. ಅದೇ ಕ್ಷಣಕ್ಕೆ ಎದುರಿನವರ ಗುಂಡು ಹಾರಿತ್ತು. ಅವಳು ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

ನಾವೆಲ್ಲ ಓಡಿದೆವು. ಮೊದಲು ತಲುಪಿದವನು ಅಣ್ಣ. ಕೈ ತೆಗೆಸಿ ನೋಡಿದರೆ ಕಣ್ಣಿನ ಕೆಳಗೆ, ಎಲುಬಿನ ಮೇಲೆ, ಕುಂಕುಮದ ಬೊಟ್ಟಿನಷ್ಟು ಕೆಂಪು ಗುರುತು. ಚರ್ಮ ಒಡೆದಿರಲಿಲ್ಲ. ನೀರು ಕುಡಿದು ಅವಳೇ ಮೊದಲು ನಕ್ಕಳು. ಅಣ್ಣ ಮಾತ್ರ ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

ಸಂಜೆ ಅವನೇ ಟೀ ಲೋಟ ಹಿಡಿದು ತಾತನ ಹತ್ತಿರ ಹೋದ. ಅವರಿಗೆ ಕೇಳಿಸಲೆಂದು ಗಟ್ಟಿಯಾಗಿ, "ತಾತ, ಮುಂದ್ಕೆ ಗನ್ನಾಗೆ ಯಾವ್ದು ಬದಲಾಯ್ಸಾನ?" ಎಂದು ಕೇಳಿದ.

"ಕನ್ನಡ್ಕ" ಎಂದರು ತಾತ.

ಮುಂದಿನ ಆಟದ ಹೊತ್ತಿಗೆ ಮುಖ ಪೂರ್ತಿ ಮುಚ್ಚುವ, ಹಿಂದೆ ಬಿಗಿಯಾದ ಪಟ್ಟಿಯಿರುವ ಮುಖವಾಡಗಳು ತೋಪಿಗೆ ಬಂದಿದ್ದವು.

ತೋಪು ಈಗಲೂ ನಡೆಯುತ್ತಿದೆ. ಗನ್ನು ಕೊಂಡ ಹೊಸಬರು ಬಂದು ಏನೇನು ಹಾಕಿಸಲಿ ಎಂದು ಕೇಳುತ್ತಾರೆ. ಅದರ ಕಾಯಿಲೆ ಹೇಳಿ ಎನ್ನುತ್ತೇನೆ. ಮುಕ್ಕಾಲು ಪಾಲು ಜನ ಉಂಗುರ, ರಬ್ಬರು ಬದಲಾಯಿಸಿಕೊಂಡು ಖುಷಿಯಾಗಿ ಹೋಗುತ್ತಾರೆ.

ಹೋದ ವರ್ಷ ಒಂದು ಗನ್ನು ತಾನಾಗಿಯೇ ಎಡಕ್ಕೆ ಎಳೆಯತೊಡಗಿತು. ಗೊತ್ತಿದ್ದದ್ದೆಲ್ಲ ಮಾಡಿದೆ, ಸರಿಯಾಗಲಿಲ್ಲ. ತಾತನಿಗೆ ತೋರಿಸಿದರಾಯಿತು, ಮಾವಿನ ಸುಗ್ಗಿ ಮುಗಿಯಲಿ ಎಂದುಕೊಂಡೆ. ಸುಗ್ಗಿ ಮುಗಿಸಿ ಹೋದರೆ ಶೆಡ್ಡಿನ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದು, "ತಾತ ಓಗ್ಬುಟ್ರಮ್ಮಾ, ಮಣ್ ಮಾಡಿ ತಿಂಗ್ಳಾಯ್ತು. ನಿಂಗ್ ಯಾರೂ ಏಳ್ಲಿಲ್ವಾ?" ಎಂದರು. ಯಾರು ಹೇಳುತ್ತಾರೆ... ಅವರ ಮನೆಯವರಿಗೆ ನನ್ನ ಊರೂ ಸರಿಯಾಗಿ ಗೊತ್ತಿರಲಿಲ್ಲ. ತಾತನ ಹೆಂಡತಿ ಮಗಳ ಊರಿಗೆ ಹೋಗಿಯಾಗಿತ್ತು. ನಾನು ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ವಾಪಸು ನಡೆದೆ.

ಆ ಗನ್ನು ಇನ್ನೂ ಎಡಕ್ಕೇ ಹೊಡೆಯುತ್ತದೆ. ಯಾಕೆಂದು ನನಗೆ ತಿಳಿದಿಲ್ಲ. ಬಿಡುವಾದಾಗ ತೋಪಿನಲ್ಲಿ ಅದನ್ನು ಬಿಚ್ಚಿ ಹಾಳೆಯ ಮೇಲೆ ತಿರುಪುಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತೇನೆ.