ಮೂಗುರಾಯರ ಎಂಟು ತಿಂಗಳು

ಬಟ್ಟೆ ಒಣಗಿಸುವ ಡ್ರೈಯರ್ ರಿಪೇರಿ ಮಾಡುವವರು ಊರಲ್ಲಿ ಹತ್ತು ಮಂದಿ ಇದ್ದರೂ ಜನ ಕರೆಯುತ್ತಿದ್ದುದು ಮೂಗುರಾಯರನ್ನೇ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಯಂತ್ರದ ಬಾಗಿಲು ತೆಗೆದು, ತಲೆ ಒಳಗೆ ತೂರಿಸಿ ಒಂದು ಸಲ ಉಸಿರೆಳೆದರೆ ಸಾಕು, ಬೆಲ್ಟು ಸವೆದಿದೆಯೋ, ತಂತಿ ಕಾದಿದೆಯೋ, ಬಟ್ಟೆಯಿಂದ ಉದುರಿದ ಜುಂಗು ಎಲ್ಲಾದರೂ ಸೀದಿದೆಯೋ ಹೇಳಿಬಿಡುತ್ತಿದ್ದರು. "ಮೀಟರು ಗೀಟರು ಎಲ್ಲ ಮೂಗಿಲ್ಲದವರಿಗೆ" ಎಂದು ಮೂವತ್ತು ವರ್ಷ ಜಂಬ ಕೊಚ್ಚಿಕೊಂಡಿದ್ದರು.

ಬುದ್ಧಿ ಹೇಳುವುದರಲ್ಲೂ ಹಿಂದೆ ಬಿದ್ದವರಲ್ಲ. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಜಾಲರಿ ಎಳೆದು ಜುಂಗು ತೆಗೆಯಿರಿ, ಹಿಂದಿನ ಕೊಳವೆ ಗೋಡೆಗೆ ಒತ್ತಿ ಮಡಚಿಕೊಳ್ಳದಂತೆ ನೋಡಿಕೊಳ್ಳಿ, ಎಣ್ಣೆ ಹತ್ತಿದ ಬಟ್ಟೆ ಹಾಕಬೇಡಿ, ಯಂತ್ರ ತಿರುಗುತ್ತಿರುವಾಗ ಮನೆಗೆ ಬೀಗ ಹಾಕಿ ಹೋಗಬೇಡಿ ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಅವರಿಗೆ ಬೇಕಾದದ್ದು ರಾಯರ ಮಾತಲ್ಲ, ಮೂಗು.

ಎಂಟು ತಿಂಗಳ ಹಿಂದೆ ಹಾಳು ಜ್ವರವೊಂದು ಬಂತು. ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ ವಾಸನೆ, ಪಕ್ಕದ ಕೋಣೆಯಲ್ಲಿ ಗಂಡ ಆರಾಮಾಗಿ ಪೇಪರು ಓದುತ್ತಿದ್ದಾನೆ. ಹೆಂಡತಿಗೆ ಅರ್ಥವಾಯಿತು.

"ಜನಕ್ಕೆ ಹೇಳಿಬಿಡಿ" ಅಂದಳು.

"ಹೇಳಿದ್ರೆ ಆಮೇಲೆ ಯಾರು ಕರೀತಾರೆ ನನ್ನ? ಈ ವಯಸ್ಸಲ್ಲಿ ಇನ್ಯಾವ ಕೆಲಸ ಕಲೀಲಿ?"

ಡಾಕ್ಟರು ಕೈಚೆಲ್ಲಿದರು. ರಾಯರು ಬಾಯಿಗೆ ಬೀಗ ಹಾಕಿಕೊಂಡರು. ಮೊದಲಿನಂತೆಯೇ ತಲೆ ತೂರಿಸಿ, ಮೊದಲಿನಂತೆಯೇ ಉಸಿರೆಳೆದು, "ಏನೂ ತೊಂದ್ರೆ ಇಲ್ಲ" ಎಂದು ಎದ್ದು ಬರುತ್ತಿದ್ದರು. ಜಾಲರಿ, ಕೊಳವೆಗಳನ್ನು ಎರಡೆರಡು ಸಲ ಒರೆಸುತ್ತಿದ್ದರು, ಅದು ನಿಜ. ತಂತಿ ಪರೀಕ್ಷಿಸುವ ಮೀಟರು ಮಾತ್ರ ಕೊಳ್ಳಲಿಲ್ಲ. ಅದನ್ನು ಹಿಡಿದು ಹೋದರೆ ಗುಟ್ಟು ರಟ್ಟಾಗುತ್ತದಲ್ಲ. ಮೂರ್ಖತನ ಅನ್ನಿ, ಹೆದರಿಕೆ ಅನ್ನಿ, ಎರಡೂ ಹೌದು.

ಹೀಗಿರುವಾಗ ಟೈಲರಮ್ಮ ಫೋನು ಮಾಡಿದರು. ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಹಳೆಯ ಗಿರಾಕಿ. ಎರಡು ದಿನದಿಂದ ಏನೋ ಸುಟ್ಟ ವಾಸನೆಯಂತೆ. ರಾಯರು ಹೋಗಿ ನೋಡಿದರೆ ಜಾಲರಿ ಚೊಕ್ಕಟ, ಕೊಳವೆ ಖಾಲಿ. ತಲೆ ತೂರಿಸಿ ಉಸಿರೆಳೆದರು. ಬರಿಯ ಗಾಳಿ.

"ಏನಾದ್ರೂ ಇದೆಯಾ?" ಎಂದು ಕೇಳಿದ ಟೈಲರಮ್ಮ ಉತ್ತರಕ್ಕೂ ಕಾಯಲಿಲ್ಲ. "ನಿಮ್ಮ ಮೂಗಿಗೆ ಸಿಗದೇ ಇದ್ರೆ ಇಲ್ಲ ಬಿಡಿ. ನನಗೇ ಭ್ರಮೆ."

ಹೇಳುತ್ತಲೇ ಸ್ವಿಚ್ಚಿನತ್ತ ಕೈ ಚಾಚಿದರು. ರಾಯರು ಆ ಕೈಗೆ ಅಡ್ಡ ಬಂದರು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು.

"ಹಾಕ್ಬೇಡಿ ಅಮ್ಮ. ನನಗೆ ವಾಸನೆ ಗೊತ್ತಾಗಲ್ಲ. ಏನೂ ಗೊತ್ತಾಗಲ್ಲ. ನೀವೇ ಮೂಸಿ, ಎಲ್ಲಿಂದ ಬರ್ತಿದೆ ಹೇಳಿ."

ಆಕೆ ಅವರನ್ನೇ ದಿಟ್ಟಿಸಿದರು. ಆಮೇಲೆ ಮಂಡಿ ಹಿಡಿದುಕೊಂಡು ಬಗ್ಗಿ, ಕೆಳಗಿನ ಮೂಲೆ ತೋರಿಸಿದರು. ರಾಯರು ಪ್ಲಗ್ಗು ಕಿತ್ತು ಹಿಂದಿನ ತಗಡು ಬಿಚ್ಚಿದರು. ಮೋಟಾರಿನ ಸಂದಿಯಲ್ಲಿ ಮುಷ್ಟಿಯಷ್ಟು ಜುಂಗು ಗಟ್ಟಿಯಾಗಿ ಕೂತು, ತಂತಿಗೆ ತಾಗಿದ ಕಡೆ ಕಪ್ಪಗೆ ಸೀದಿತ್ತು.

"ಎಷ್ಟು ದಿನ ಆಯ್ತು ಹೀಗಾಗಿ?" ಟೈಲರಮ್ಮ ಕೇಳಿದ್ದು ಜುಂಗಿನ ವಿಷಯವಲ್ಲ.

"ಎಂಟು ತಿಂಗಳು."

"ನನ್ನ ಮಗಳ ಮನೆಗೆ ಹೋಗಿದ್ದು ಮೊನ್ನೆ ಮೊನ್ನೆ ಅಲ್ವಾ? ಅಲ್ಲೂ ಹೀಗೇ ಮೂಸಿದ್ರಲ್ಲ."

ಆಕೆ ಮಗಳಿಗೆ ಫೋನು ಹಚ್ಚಿದರು. "ಡ್ರೈಯರ್ ಪ್ಲಗ್ಗು ಕಿತ್ತು ಹಾಕು. ಬೇರೆ ಯಾರನ್ನಾದ್ರೂ ಕರೆಸು. ರಾಯರು ಬೇಡ."

ಎಂಟು ತಿಂಗಳಲ್ಲಿ ಇಪ್ಪತ್ತೇಳು ಮನೆ. ರಾಯರು ಮೆಟ್ಟಿಲ ಮೇಲೆ ಕೂತು ಒಂದೊಂದಕ್ಕೇ ಫೋನು ಮಾಡತೊಡಗಿದರು. ಮೊದಲು ಎತ್ತಿದವನು ಬ್ಯಾಂಕಿನ ಗುಮಾಸ್ತ. ಎಲ್ಲ ಕೇಳಿ ಗಹಗಹಿಸಿ ನಕ್ಕ.

"ಏನ್ ರಾಯರೇ, ನಿಮಗೆ ವಾಸನೆ ಬರಲ್ವಾ? ಬೆಳಿಗ್ಗೆ ಬೆಳಿಗ್ಗೆ ಒಳ್ಳೇ ತಮಾಷೆ. ಸಂಜೆ ಬಂದು ಮಾತಾಡ್ತೀನಿ, ಈಗ ಮನೆಗೆ ಬೀಗ ಹಾಕಿ ಹೊರಟಿದ್ದೀನಿ."

ಅವನ ಮಾತಿನ ಹಿಂದೆ ಡ್ರೈಯರು ಗುರ್ರೆಂದು ತಿರುಗುತ್ತಿರುವುದು ರಾಯರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವನು ಫೋನು ಇಟ್ಟ.